ಹುಂಜ ಕೇಳಿದ ಗೇಣುದ್ದದ ಪ್ರಶ್ನೆ

ಮಕ್ಕಳೇ, ಕಾಡಿನಲ್ಲಿ ಹುಲಿ ಘರ್ಜಿಸಿದ ಕತೆಯನ್ನು ಯಾರು ಬೇಕಾದರೂ ಹೇಳುತ್ತಾರೆ. ಕಾಡಿನಲ್ಲಿ ಪ್ರಶ್ನೆ ಕೇಳಿದ ಕತೆ ಹೇಳುವುದಕ್ಕೆ ಗುಂಡಿಗೆ ಬೇಕು. ಹತ್ತಿರ ಬನ್ನಿ, ಹೇಳುತ್ತೇನೆ.

ಹೊಂಗೆಬನ ಅಂತ ಒಂದು ಕಾಡು. ಅದರ ನಡುವೆ ಒಂದು ಹೊಂಡ, ಹೊಂಡದ ದಂಡೆಯಲ್ಲಿ ಒಂದು ಹಿಪ್ಪೆಮರ. ಆ ಮರದ ಬುಡದಲ್ಲೇ ಕಾಡಿನ ಸಭೆ ಸೇರುತ್ತಿತ್ತು. ಅಲ್ಲಿ ರಾಜ ಗೀಜ ಯಾರೂ ಇರಲಿಲ್ಲ. ಪೊದೆಕೇರಿಯವರು ಒಬ್ಬರನ್ನು, ನೀರುಕೇರಿಯವರು ಒಬ್ಬರನ್ನು, ಹೀಗೆ ಪ್ರತಿ ಕೇರಿಯವರೂ ತಮ್ಮ ಸದಸ್ಯರನ್ನು ತಾವೇ ಆರಿಸಿ ಕಳಿಸುತ್ತಿದ್ದರು. ಮುಖ್ಯಮಂತ್ರಿ ಕಾಟಿ ದೊಡ್ಡಯ್ಯ; ಕಾಟಿ ಅಂದರೆ ಕಾಡುಕೋಣ. ಸಭಾಧ್ಯಕ್ಷ ಸ್ಥಾನದಲ್ಲಿ ಮಂಗಟ್ಟೆ ಹಕ್ಕಿ. ಅಷ್ಟು ದೊಡ್ಡ ಕೊಕ್ಕು ಇದ್ದವರ ಮಾತಿಗೆ ಎದುರಾಡುವವರು ಯಾರು?

ಸಭೆಗೆ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಒಬ್ಬ ಸದಸ್ಯನಿಗೆ ದಿನಕ್ಕೆ ಒಂದೇ ಪ್ರಶ್ನೆ. ಅವನು ಬಾಯಿ ತೆರೆದ ಕೂಡಲೇ ಮರಕುಟಿಗ ಕೊಂಬೆಯನ್ನು ನಿಧಾನವಾಗಿ ಕುಟ್ಟಲು ಶುರು ಮಾಡುತ್ತಿತ್ತು. ಹನ್ನೆರಡು ಏಟು ಬೀಳುವುದರೊಳಗೆ ಪ್ರಶ್ನೆ ಮುಗಿಯಬೇಕು. ಮುಗಿದರೆ ಮಂತ್ರಿ ಉತ್ತರ ಕೊಡಲೇಬೇಕು, ಓಡಿಹೋಗುವ ಹಾಗಿಲ್ಲ. ಆಮೇಲೆ ಅದೇ ವಿಷಯದ ಮೇಲೆ ಒಂದೇ ಉಸಿರಿನಲ್ಲಿ ಒಂದು ಉಪಪ್ರಶ್ನೆ ಕೇಳಬಹುದು. ಅಷ್ಟೇ.

ಪೊದೆಕೇರಿಯ ಸದಸ್ಯ ಕೆಂಜುಟ್ಟ ಎಂಬ ಕಾಡುಹುಂಜ. ಎಂಥ ಗಂಟಲು ಅಂತೀರಿ! ಅವನು ಕೂಗಿದರೆ ಮೂರು ಗುಡ್ಡದಾಚೆಯ ಮೊಲಗಳೂ ಎದ್ದು ಕೂರುತ್ತಿದ್ದವು. ಅವನ ಗಂಟಲನ್ನು ಬೇರೆಯವರು ಎಷ್ಟು ಮೆಚ್ಚುತ್ತಿದ್ದರೋ ಅದಕ್ಕಿಂತ ಒಂದು ತೂಕ ಹೆಚ್ಚು ಅವನೇ ಮೆಚ್ಚಿಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ಅವನ ಪೊದೆಯ ಹತ್ತಿರಕ್ಕೆ ಸಿದ್ದವ್ವ ಎಂಬ ಮುದಿ ಕಡವೆ ಬಂದಳು. ವಯಸ್ಸಿದ್ದಾಗ ಅವಳೇ ಕಾಡಿನ ಕಾವಲುಗಾರ್ತಿ. ಹುಲಿ ಹೆಜ್ಜೆ ಇಟ್ಟರೆ ಸಾಕು, "ಢಾಂಕ್!" ಎಂದು ಕೂಗಿ ಎಲ್ಲರನ್ನೂ ಎಬ್ಬಿಸುತ್ತಿದ್ದಳು. ಹಾಗೆ ದುಡಿದವರಿಗೆ ಹಲ್ಲು ಬಿದ್ದ ಮೇಲೆ ಪಿಂಚಣಿ ಕೊಡುವುದು ಹೊಂಗೆಬನದ ರೂಢಿ. ದಿನಾ ಸಂಜೆ ಒಂದು ಹೊರೆ ಎಳೆಹುಲ್ಲು, ಒಂದು ಬುಟ್ಟಿ ಮೆತ್ತಗಿನ ಅತ್ತಿಹಣ್ಣು. ಈಗ ಸಿದ್ದವ್ವನ ಪಕ್ಕೆಲುಬು ಎಣಿಸುವ ಹಾಗಿತ್ತು.

"ಮಗಾ, ಪಿಂಚಣಿ ನಿಂತು ಮೂರು ವಾರ ಆಯ್ತು" ಎಂದಳು.

"ಯಾಕಂತೆ ಅವ್ವಾ?"

"ಹೊಸ ಕಾನೂನಂತೆ. ಬದುಕಿದ್ದೀವಿ ಅಂತ ನಾವೇ ತೋರಿಸಬೇಕಂತೆ. ಗೂಬೆಕಲ್ಲಿನ ತುದಿಗೆ ಹತ್ತಿ, ಅಲ್ಲಿ ಹಸಿಮಣ್ಣು ಇಟ್ಟಿರ್ತಾರೆ, ಅದರಲ್ಲಿ ಗೊರಸು ಊರಿ ಬರಬೇಕಂತೆ. ನಾನು ಎರಡು ಸಲ ಹೋದೆ. ದಾರಿ ಇದ್ದರೆ ತಾನೇ ಹತ್ತೋದು? ಜಾರಿ ಬಿದ್ದು ಮೊಣಕಾಲು ಒಡ್ಕೊಂಡೆ. ಈ ಅಧಿವೇಶನ ಮುಗಿಯೋದರೊಳಗೆ ಗುರುತು ಬೀಳದಿದ್ದರೆ ಹೆಸರೇ ಹೊಡೆದುಹಾಕ್ತಾರಂತೆ."

"ಅಧಿವೇಶನ ಇನ್ನು ಎರಡೇ ದಿನ!"

"ಅದಕ್ಕೇ ನಿನ್ನ ಹತ್ರ ಬಂದೆ. ಈ ಒಣಹುಲ್ಲು ನನ್ನ ಬೋಳು ಒಸಡಿಗೆ ಆಗಲ್ಲಪ್ಪ."

ಕೆಂಜುಟ್ಟ ಎದೆ ಉಬ್ಬಿಸಿದ. "ಅವ್ವಾ, ನಾನಿದ್ದೀನಿ. ನಾಳೆ ಬಂದು ಸಾರ್ವಜನಿಕರ ಬಂಡೆ ಮೇಲೆ ಕೂತ್ಕೋ. ನಾನು ಮಾತಾಡಿದ ಮೇಲೆ ಮಂತ್ರಿ ಬೆವರು ಒರೆಸಿಕೊಳ್ಳೋಕೆ ಬಾಳೆಎಲೆ ಹುಡುಕಬೇಕು!"

ಆ ಮಂತ್ರಿ ಕರಡಿ ಬೋರಣ್ಣ. ದಾರಿ ಕಟ್ಟಿಸುವ ಖಾತೆಯೂ ಅವನದೇ, ಪಿಂಚಣಿ ಖಾತೆಯೂ ಅವನದೇ. ಒಂದೊಂದು ಖಾತೆಗೆ ಒಂದೊಂದು ಗಿಳಿ. ದಾರಿಯ ಗಿಳಿ ಎಡಭುಜದ ಮೇಲೆ, ಪಿಂಚಣಿಯ ಗಿಳಿ ಬಲಭುಜದ ಮೇಲೆ. ಗಿಳಿ ಕಿವಿಯಲ್ಲಿ ಏನು ಉಸುರಿತೋ ಬೋರಣ್ಣ ಅದನ್ನೇ ಜೋರಾಗಿ ಹೇಳುತ್ತಿದ್ದ; ಮೇಲೆ ತನ್ನದೊಂದು ಹಿಡಿ ಒಗ್ಗರಣೆ ಹಾಕುತ್ತಿದ್ದ. ಒಂದು ಗಿಳಿ ಹೇಳಿದ್ದು ಇನ್ನೊಂದಕ್ಕೆ ಹೊಂದುತ್ತದೋ ಇಲ್ಲವೋ ಎಂದು ನೋಡುವ ಅಭ್ಯಾಸ ಅವನಿಗಿರಲಿಲ್ಲ.

ಮಾರನೇ ದಿನ ಸಭೆ ಸೇರಿತು. ಸಭಾಧ್ಯಕ್ಷರು ಕೆಂಜುಟ್ಟನ ಹೆಸರು ಕರೆದರು. ಹುಂಜ ಕಲ್ಲಿನ ಮೇಲೆ ಹಾರಿ ನಿಂತು ರೆಕ್ಕೆ ಬಡಿದ.

"ಮಾನ್ಯ ಸಭಾಧ್ಯಕ್ಷರೇ! ಮೊಟ್ಟಮೊದಲಿಗೆ, ಕಾಳು ಕಾಳು ಆರಿಸುವ ಹಾಗೆ ನನ್ನನ್ನು ಆರಿಸಿ ಕಳಿಸಿದ ಪೊದೆಕೇರಿಯ ಮಹಾಜನತೆಗೆ ನಮಸ್ಕಾರ..."

ಟೊಕ್. ಟೊಕ್. ಟೊಕ್.

"...ಈ ಕಾಡಿಗೆ ಬೆಳಗಾಗೋದೇ ನನ್ನ ಗಂಟಲಿನಿಂದ ಅನ್ನೋದು ಲೋಕಕ್ಕೇ ಗೊತ್ತಿರೋ ವಿಷಯ. ಅಂಥ ಗಂಟಲಿನಿಂದ ಇವತ್ತು ನಾನು ಗುಡುಗ್ತಾ ಇದ್ದೀನಿ..."

ಟೊಕ್. ಟೊಕ್. ಟೊಕ್. ಟೊಕ್.

"...ಕಾವಲು ಕಾದ ಹಿರಿಯರ ಕಣ್ಣೀರು ಈ ಹೊಂಡಕ್ಕಿಂತ ಆಳ! ಅಧಿಕಾರದ ಮದ ಗೂಬೆಕಲ್ಲಿಗಿಂತ ಎತ್ತರ! ಆದ್ದರಿಂದ ನಾನು ಮಾನ್ಯ ಮಂತ್ರಿಗಳನ್ನು ಕೇಳಬಯಸುವುದೇನೆಂದರೆ..."

ಟೊಕ್. ಟೊಕ್. ಟೊಕ್. ಟೊಕ್. ಟೊಕ್! ಹನ್ನೆರಡನೇ ಏಟು.

"ಸಮಯ ಮುಗೀತು" ಎಂದರು ಸಭಾಧ್ಯಕ್ಷರು.

ಬೋರಣ್ಣ ಎದ್ದು ಕೈ ಮುಗಿದ. "ಮಾನ್ಯ ಸದಸ್ಯರ ಗಂಟಲು ಬಹಳ ಚೆನ್ನಾಗಿದೆ. ಆದರೆ ಪ್ರಶ್ನೆ ಎಲ್ಲಿ? ನನ್ನ ಕಿವಿಗಂತೂ ಬೀಳಲಿಲ್ಲ." ಸಭೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪ್ರಶ್ನೆಯೇ ಇಲ್ಲದ ಮೇಲೆ ಉಪಪ್ರಶ್ನೆ ಎಲ್ಲಿಂದ ಬರಬೇಕು? ಬೋರಣ್ಣ ಮೈ ಕೆರೆದುಕೊಳ್ಳುತ್ತಾ ಕುಳಿತ.

ಸಿದ್ದವ್ವ ಮಾತ್ರ ನಗಲಿಲ್ಲ. ನಾಲ್ಕು ಕಾಲಿಗೂ ಬಲ ತಂದುಕೊಂಡು ಎದ್ದು, ಬಂದ ದಾರಿಯಲ್ಲೇ ಹೊರಟುಹೋದಳು. ಹುಂಜನಿಗೆ ಒಂದು ಬೈಗುಳವನ್ನೂ ಹೇಳಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಹೊಂಡದಿಂದ ಒಂದು ತಲೆ ಮೇಲೆದ್ದಿತು. ನೀರುಕೇರಿಯ ಸದಸ್ಯೆ, ನೀರುನಾಯಿ ಹೊಳೆಯಕ್ಕ.

"ಏನು ಗುಡುಗಣ್ಣಾ, ಮಳೆ ಬರಲೇ ಇಲ್ವಲ್ಲ?"

"ಇನ್ನು ನಾಲ್ಕು ಏಟು ಕೊಟ್ಟಿದ್ದರೆ ಕೇಳ್ತಿದ್ದೆ!"

"ನಿನಗೆ ನಾನೂರು ಏಟು ಕೊಟ್ಟರೂ ನಮಸ್ಕಾರದಲ್ಲೇ ಮುಗಿಸ್ತೀಯ. ಬಾಯಿ ಮುಚ್ಚಿಕೊಂಡು ನನ್ನ ಜೊತೆ ಬಾ. ಆ ದಾರಿ ಹೇಗಿದೆ ಅಂತ ಕಣ್ಣಾರೆ ನೋಡೋಣ. ನೋಡದೇ ಏನು ಕೇಳ್ತೀಯ?"

ಇಬ್ಬರೂ ಗೂಬೆಕಲ್ಲಿಗೆ ಹೋದರು. ಬುಡದಲ್ಲಿ ಮೆಟ್ಟಿಲುಗಳಿದ್ದವು, ನೀಟಾಗಿ, ಅಂಚು ತೀಡಿದ ಹಾಗೆ. ಒಂದು, ಎರಡು, ಮೂರು... ಎಂಟು. ಎಂಟಾದ ಮೇಲೆ? ನುಣ್ಣನೆಯ ಬೋಳು ಬಂಡೆ! ಹಲ್ಲಿಯೂ ದೇವರ ಹೆಸರು ಹೇಳಿಕೊಂಡು ಹತ್ತಬೇಕು.

ಎಂಟನೇ ಮೆಟ್ಟಿಲ ಮೇಲೆ ಒಬ್ಬ ದಪ್ಪ ಹೆಗ್ಗಣ ಬಿಸಿಲು ಕಾಯಿಸುತ್ತಾ ಮಲಗಿದ್ದ. ಗುತ್ತಿಗೆದಾರ ದುಂಡಪ್ಪ.

"ಏನ್ ದುಂಡಪ್ಪಾ, ಮಿಕ್ಕಿದ್ದು ಎಲ್ಲಿ?" ಎಂದಳು ಹೊಳೆಯಕ್ಕ.

"ಮಿಕ್ಕಿದ್ದು ಅಂದರೆ? ಕೆಲಸ ಪೂರ್ತಿ ಆಗಿದೆಯಲ್ಲ!" ದುಂಡಪ್ಪ ಆಕಳಿಸಿದ. "ನೋಡಿ, ಮಂತ್ರಿಗಳೇ ಖುದ್ದಾಗಿ ತನಿಖೆಗೆ ಬಂದಿದ್ದರು. ಎಂಟು ಮೆಟ್ಟಿಲು ಹತ್ತಿದರು, ಉಸ್ ಅಂದರು, 'ಬಹಳ ಚೆನ್ನಾಗಿದೆ, ಸಾಕು' ಅಂದರು. ಗಿಳಿ 'ಪೂರ್ತಿ' ಅಂತ ಉರು ಹೊಡೀತು. ಮಂತ್ರಿಗಳೇ ಸಾಕು ಅಂದ ಮೇಲೆ ಒಂಬತ್ತನೇದು ಕಟ್ಟಿದರೆ ಅವರಿಗೆ ಅವಮಾನ ಮಾಡಿದ ಹಾಗೆ ಆಗಲ್ವಾ?"

ಕೆಂಜುಟ್ಟನ ಜುಟ್ಟು ಬೆಂಕಿಯಾಯಿತು. "ಇರಲಿ! ನಾಳೆ ಈ ಎಂಟು ಮೆಟ್ಟಿಲು, ಆ ಉಸಿರು, ಈ ಹೆಗ್ಗಣ, ಸಿದ್ದವ್ವನ ಮೊಣಕಾಲು, ಎಲ್ಲಾನೂ ಸೇರಿಸಿ ಒಂದು ಭಾಷಣ..."

"ಮತ್ತೆ ಶುರುವಾಯ್ತು!" ಹೊಳೆಯಕ್ಕ ಬಾಲದಿಂದ ಬಂಡೆಗೆ ಬಡಿದಳು. "ಕೇಳಿಲ್ಲಿ. ನಿನಗೆ ಒಂದು ಪ್ರಶ್ನೆ, ನನಗೆ ಒಂದು. ದಾರಿಯ ಪ್ರಶ್ನೆ ನನಗೆ ಬಿಡು. ನಾನು ಮೊದಲು ಕೇಳ್ತೀನಿ. ನೀನು ಪಿಂಚಣಿದು ಕೇಳು."

"ಹೆಗ್ಗಣದ ಕತೆ ನಿನಗಾ? ಸಭೆ ಚಪ್ಪಾಳೆ ಹೊಡೆಯೋದು ಅದಕ್ಕೇ ಕಣಕ್ಕಾ!"

"ನಾನು ಹೆಗ್ಗಣದ ಹೆಸರೇ ಎತ್ತಲ್ಲ. ನಾವು ದೂರು ಹೇಳಿದರೆ ಬೋರಣ್ಣ ಸುಳ್ಳು ಅಂತಾನೆ. ಅವನ ಬಾಯಿಂದಲೇ ಎರಡು ಮಾತು ಬರಲಿ. ಒಂದಕ್ಕೊಂದು ಡಿಕ್ಕಿ ಹೊಡೆಯಲಿ. ನಿನಗೆ ಚಪ್ಪಾಳೆ ಬೇಕಾ, ಸಿದ್ದವ್ವನಿಗೆ ಹಣ್ಣು ಬೇಕಾ, ಈಗಲೇ ಹೇಳಿಬಿಡು."

ಹುಂಜ ಅತ್ತ ಇತ್ತ ನೋಡಿದ. ಕೊನೆಗೆ, "ಹಣ್ಣು" ಎಂದ. ಒಂದೇ ಮಾತು. ಅವನ ಜೀವಮಾನದಲ್ಲಿ ಅಷ್ಟು ಚಿಕ್ಕದಾಗಿ ಮಾತಾಡಿದ್ದು ಅದೇ ಮೊದಲು.

ಅಧಿವೇಶನದ ಕಡೇ ದಿನ. ಸಿದ್ದವ್ವನನ್ನು ಹುಂಜನೇ ಹೋಗಿ ಕರೆತಂದು ಸಾರ್ವಜನಿಕರ ಬಂಡೆಯ ಮೇಲೆ ಕೂರಿಸಿದ್ದ. ಅವಳಿಗೆ ನಿಲ್ಲುವ ತ್ರಾಣವೂ ಇರಲಿಲ್ಲ.

ಮೊದಲು ಹೊಳೆಯಕ್ಕ ಎದ್ದಳು. "ಗೂಬೆಕಲ್ಲಿನ ದಾರಿ ಪೂರ್ತಿಯಾಗಿದೆಯೇ? ವಯಸ್ಸಾದವರು ಅದನ್ನು ಹತ್ತಬಹುದೇ?"

ಮೂರೇ ಏಟು ಬಿದ್ದಿದ್ದವು. ಎಡಭುಜದ ಗಿಳಿ ಕಿವಿಯಲ್ಲಿ ಉಸುರಿತು. ಬೋರಣ್ಣ ಹಲ್ಲು ಕಿರಿದ.

"ಪೂರ್ತಿಯಾಗಿದೆ! ನಾನೇ ಹತ್ತಿ ನೋಡಿದ್ದೇನೆ. ಎಂಥ ದಾರಿ ಅಂತೀರಿ! ಹಲ್ಲಿಲ್ಲದವರು, ಕಣ್ಣು ಮಂಜಾದವರು, ಕುಂಟುವವರು, ಎಲ್ಲರೂ ಹಾಡು ಹೇಳಿಕೊಂಡು ಹತ್ತಬಹುದು."

"ಉಪಪ್ರಶ್ನೆ. ಹಾಗಾದರೆ ದಾರಿ ಸರಿ ಇಲ್ಲ ಅಂತ ಯಾರೂ ಕೆಳಗೇ ಉಳಿದಿರಲಾರರು, ಅಲ್ಲವೇ?"

"ಸಾಧ್ಯವೇ ಇಲ್ಲ! ಜೀವ ಇರುವ ಯಾರೇ ಆದರೂ ಹತ್ತುತ್ತಾರೆ" ಎಂದು ಬೋರಣ್ಣ ಮೇಜಿನಂಥ ಬಂಡೆಗೆ ಗುದ್ದಿದ. ಅವನ ಕಡೆಯವರು ಬಾಲ ಬಡಿದು ಜೈ ಎಂದರು. ಹೊಳೆಯಕ್ಕ ಏನೂ ಆಗದವಳಂತೆ ನೀರಿಗಿಳಿದಳು.

"ಕೆಂಜುಟ್ಟ" ಎಂದರು ಸಭಾಧ್ಯಕ್ಷರು.

ಹುಂಜ ಕಲ್ಲಿನ ಮೇಲೆ ಹಾರಿದ. ಎಲ್ಲರೂ ಆಗಲೇ ನಗಲು ಬಾಯಿ ಸಿದ್ಧ ಮಾಡಿಕೊಂಡಿದ್ದರು. ಅವನ ಗಂಟಲಲ್ಲಿ ನಮಸ್ಕಾರ ಬಂದು ನಿಂತಿತು, ಪೊದೆಕೇರಿಯ ಮಹಾಜನತೆ ಬಂದು ನಿಂತಿತು, ಕಣ್ಣೀರಿನ ಹೊಂಡವೂ ಬಂದು ನಿಂತಿತು. ಎಲ್ಲವನ್ನೂ ಗುಳುಕ್ ಎಂದು ನುಂಗಿಕೊಂಡ.

"ಈ ವರ್ಷ ಪಿಂಚಣಿದಾರರಲ್ಲಿ ಎಷ್ಟು ಜನ ಹತ್ತಿ ಗುರುತು ಹಾಕಿದ್ದಾರೆ? ಹಾಕದವರ ಗತಿ ಏನಾಗಿದೆ?"

ನಗಲು ತೆರೆದ ಬಾಯಿಗಳು ಹಾಗೇ ಉಳಿದವು. ಈಗ ಬಲಭುಜದ ಗಿಳಿಯ ಸರದಿ.

"ಒಬ್ಬರೂ ಹಾಕಿಲ್ಲ" ಎಂದ ಬೋರಣ್ಣ ಹೆಮ್ಮೆಯಿಂದ. "ಆದ್ದರಿಂದ ಎಲ್ಲರೂ ಸತ್ತಿದ್ದಾರೆ. ಸಿದ್ದವ್ವ ಮೊದಲ್ಗೊಂಡು ಎಲ್ಲರ ಪಿಂಚಣಿಯನ್ನೂ ಉಳಿಸಿದ್ದೇವೆ. ಉಗ್ರಾಣ ತುಂಬಿ ಬಾಗಿಲು ಮುಚ್ಚಲಾಗುತ್ತಿಲ್ಲ! ಇದು ನನ್ನ ಖಾತೆಯ ಸಾಧನೆ."

ಆಗ ಸಾರ್ವಜನಿಕರ ಬಂಡೆಯಿಂದ ದೊಡ್ಡದೊಂದು ಕೆಮ್ಮು ಕೇಳಿಸಿತು. ಸಿದ್ದವ್ವ ಎಷ್ಟು ತಡೆದರೂ ತಡೆಯಲಾಗಲಿಲ್ಲ.

ಸಭಾಧ್ಯಕ್ಷರಿಗೆ ನಿಯಮವೆಂದರೆ ನಿಯಮ. ಕೊಕ್ಕು ತಿರುಗಿಸಿ ಗದರಿದರು: "ಸಾರ್ವಜನಿಕರು ಸದ್ದು ಮಾಡಬಾರದು. ಸತ್ತವರಂತೂ ಕೆಮ್ಮಲೇಬಾರದು."

ಹೇಳಿದ ಮೇಲೆ ಅವರಿಗೇ ಏನೋ ಅನ್ನಿಸಿತು. ಕಣ್ಣು ಪಿಳಿಪಿಳಿ ಬಿಟ್ಟು ಸಿದ್ದವ್ವನನ್ನು ನೋಡಿದರು, ಬೋರಣ್ಣನನ್ನು ನೋಡಿದರು.

"ಉಪಪ್ರಶ್ನೆ ಇದೆಯೇ?"

"ಇದೆ" ಎಂದ ಕೆಂಜುಟ್ಟ. "ದಾರಿ ಸುಳ್ಳೋ, ಸಾವು ಸುಳ್ಳೋ?"

ಅಷ್ಟು ಹೇಳಿ ಕೊಕ್ಕು ಮುಚ್ಚಿದ. ಒಂದು ಅಕ್ಷರ ಹೆಚ್ಚಿಲ್ಲ.

ಬೋರಣ್ಣ ಎಡಗಿಳಿಯ ಕಡೆ ತಿರುಗಿದ. "ಪೂರ್ತಿ! ಪೂರ್ತಿ!" ಎಂದಿತು ಅದು. ಬಲಗಿಳಿಯ ಕಡೆ ತಿರುಗಿದ. "ಸತ್ತರು! ಸತ್ತರು!" ಎಂದಿತು ಇದು. ಸಾವು ನಿಜ ಎನ್ನೋಣವೆಂದರೆ ಸಿದ್ದವ್ವ ಎದುರಿಗೇ ಕುಳಿತು ಕೆಮ್ಮುತ್ತಿದ್ದಾಳೆ. ದಾರಿ ಸುಳ್ಳು ಎನ್ನೋಣವೆಂದರೆ ತಾನೇ ಹತ್ತಿ ನೋಡಿದ್ದೇನೆಂದು ಈಗಷ್ಟೇ ಬಂಡೆ ಗುದ್ದಿ ಹೇಳಿದ್ದಾನೆ!

"ಉತ್ತರಕ್ಕೆ... ಸ್ವಲ್ಪ ಕಾಲಾವಕಾಶ..." ಎಂದು ತೊದಲಿದ.

ಮುಖ್ಯಮಂತ್ರಿ ಕಾಟಿ ದೊಡ್ಡಯ್ಯ ಮೇಲೆದ್ದ. ಅವನು ಎದ್ದರೆ ನೆರಳೇ ಒಂದು ಗುಡಿಸಲಿನಷ್ಟು. "ಕಾಲ ಯಾಕಯ್ಯ? ಕಲ್ಲು ಇಲ್ಲೇ ಇದೆಯಲ್ಲ. ನಡಿ, ಹಾಡು ಹೇಳಿಕೊಂಡು ಹತ್ತಿ ತೋರಿಸು."

ಇಡೀ ಸಭೆ ಗೂಬೆಕಲ್ಲಿಗೆ ಹೊರಟಿತು. ಬೋರಣ್ಣ ಒಂದು ಮೆಟ್ಟಿಲು ಹತ್ತಿದ, ನಾಲ್ಕು ಹತ್ತಿದ, ಎಂಟು ಹತ್ತಿದ, ಉಸ್ ಎಂದ. "ಸಾಕಲ್ಲ?" ಎಂದು ಹಿಂದಿರುಗಿ ನೋಡಿದ.

"ಮುಂದೆ!" ಎಂದಿತು ಇಡೀ ಕಾಡು.

ಬೋರಣ್ಣ ಬೋಳು ಬಂಡೆಗೆ ಕಾಲಿಟ್ಟ. ಸರ್ರ್ ಎಂದು ಜಾರಿದ. ಕುಂಡೆಯ ಮೇಲೆ ಎಂಟೂ ಮೆಟ್ಟಿಲು ದಡದಡನೆ ಎಣಿಸಿಕೊಂಡು, ಕೆಳಗೆ ಅವಿತುಕೊಂಡಿದ್ದ ದುಂಡಪ್ಪನ ಪಕ್ಕದಲ್ಲೇ ಬಂದು ಕೂತ. ಗಿಳಿಗಳು ಯಾವಾಗಲೋ ಹಾರಿಹೋಗಿದ್ದವು.

"ಇವರನ್ನ ಕೇಳಿ ಸ್ವಾಮಿ, ಇವರೇ ಸಾಕು ಅಂದಿದ್ದು!" ಎಂದು ದುಂಡಪ್ಪ ಕಿರುಚಿದ.

ದೊಡ್ಡಯ್ಯ ಅಲ್ಲೇ ತೀರ್ಪು ಕೊಟ್ಟ. ಬೋರಣ್ಣನ ಎರಡೂ ಖಾತೆ ಹೋಯಿತು. ಮಿಕ್ಕ ಮೆಟ್ಟಿಲನ್ನೆಲ್ಲ ದುಂಡಪ್ಪ ಬಿಟ್ಟಿಯಾಗಿ ಕಟ್ಟಬೇಕು. ಮಣ್ಣು ಹೊರುವುದು ಬೋರಣ್ಣನ ಪಾಲು. ಬದುಕಿದ್ದೇವೆಂದು ತೋರಿಸಲು ಮುದುಕರು ಇನ್ನು ಯಾವ ಕಲ್ಲನ್ನೂ ಹತ್ತಬೇಕಿಲ್ಲ. ಹೊಂಡಕ್ಕೆ ನೀರು ಕುಡಿಯಲು ಬಂದಾಗ ದಂಡೆಯ ಕೆಸರಿನಲ್ಲಿ ಬೀಳುವ ಹೆಜ್ಜೆಯೇ ಸಾಕು.

ಅದೇ ಸಂಜೆ ಉಗ್ರಾಣದ ಬಾಗಿಲು ತೆರೆಯಿತು. ನಿಂತುಹೋಗಿದ್ದ ಮೂರು ವಾರದ ಪಾಲೂ ಸೇರಿ ಸಿದ್ದವ್ವನ ಮುಂದೆ ಅತ್ತಿಹಣ್ಣಿನ ರಾಶಿ ಬಿತ್ತು. ಕೆಂಜುಟ್ಟ ಅವಳೆದುರು ಬಂದು ನಿಂತ. ಇಡೀ ದಿನ ತಡೆದಿಟ್ಟ ಮಾತು ಗಂಟಲಲ್ಲಿ ಕುದಿಯುತ್ತಿತ್ತು.

"ಅವ್ವಾ, ಈಗಲಾದರೂ ಮಾತಾಡಲಾ? ನಾನು ಅದನ್ನ ಕೇಳಿದಾಗ ಅವನ ಮುಖ ನೋಡಿದ್ಯಾ ನೀನು!"

"ಮಾತಾಡಪ್ಪಾ, ಬೆಳಗಾಗೋವರೆಗೂ ಮಾತಾಡು" ಎಂದಳು ಸಿದ್ದವ್ವ, ಒಸಡಿನಲ್ಲೇ ಹಣ್ಣು ಚಪ್ಪರಿಸುತ್ತಾ. "ನಾನು ಮಾತ್ರ ಉತ್ತರ ಕೊಡಲ್ಲ. ಬಾಯಿ ತುಂಬಿದೆ."

ನೀತಿ: ಅಧಿಕಾರದಲ್ಲಿ ಕೂತವರು ಉದ್ದನೆಯ ಭಾಷಣಕ್ಕೆ ಹೆದರುವುದಿಲ್ಲ, ಕಣ್ಣಾರೆ ನೋಡಿ ಬಂದು ಕೇಳಿದ ಚಿಕ್ಕ ಪ್ರಶ್ನೆಗೆ ಹೆದರುತ್ತಾರೆ.