ಗಾಂಜಾ ಗಿಡಕ್ಕೆ ಕಟ್ಟಿದ ಕಟ್ಟು

ಮೂಳೆ ಮುರಿದವರಿಗೆಲ್ಲ ಕಟ್ಟು ಕಟ್ಟುವ ದುರುಗವ್ವನ ಹಿತ್ತಲ ತಿಪ್ಪೆಯಲ್ಲಿ ಒಂದು ಗಾಂಜಾ ಗಿಡ ಎದ್ದಿತ್ತು. ಇನ್ಸ್‌ಪೆಕ್ಟರ್ ಸಾಹೇಬರು ಪೇದೆಯ ಜೊತೆ ಬಂದು ಅಬ್ಬರಿಸಿದರು. "ಏನಮ್ಮಾ, ಗಾಂಜಾ ಬೆಳೀತೀಯಾ?"

"ಅದು ತಾನಾಗೇ ಹುಟ್ಟಿದ್ದು ಸ್ವಾಮಿ."

"ಸುಳ್ಳು! ಮುರಿದ ಕೊಂಬೆಗೆ ಬಿದಿರು ಚಕ್ಕೆ ಇಟ್ಟು ಬಟ್ಟೆ ಸುತ್ತಿದ್ದೀಯ. ಕಟ್ಟು ಕಟ್ಟಿದವರೇ ಬೆಳೆದವರು. ಬರ್ಕೊಳ್ರೀ!"

"ಮುರಿದದ್ದು ಕಂಡ್ರೆ ನನ್ನ ಕೈ ಸುಮ್ನಿರಲ್ಲ. ಹೋದ ವಾರ ನೀವು ಜೀಪಿನಿಂದ ಬಿದ್ದಾಗ ನಿಮ್ಮ ಕೈಗೂ ನಾನೇ ಕಟ್ಟಿದ್ದು. ಹಂಗಾರೆ ಆ ಕೈನೂ ನಾನೇ ಬೆಳೆದದ್ದಾ?"

ಸಾಹೇಬರು ಕೊರಳಿಗೆ ನೇತುಹಾಕಿಕೊಂಡಿದ್ದ ಕೈ ನೋಡಿದರು. ಗಿಡ ನೋಡಿದರು. ಎರಡಕ್ಕೂ ಅದೇ ಬಿದಿರು ಚಕ್ಕೆ, ಒಂದೇ ಹಳೇ ಸೀರೆಯ ಅಂಚು. ಮತ್ತೆ ಕೈ ನೋಡಿದರು.

ಪೇದೆ ಪೆನ್ನು ಹಿಡಿದೇ ತಲೆ ಕೆರೆದುಕೊಂಡ. "ಸಾರ್, ಜಪ್ತಿ ಪಟ್ಟಿಗೆ ಗಿಡ ಮಾತ್ರ ಬರೀಲೋ, ಕೈಯನ್ನೂ ಸೇರಿಸ್ಲೋ?"