ಹಲಗೆದಾರಿಯ ಹೊರಬದಿ

"ಗುರುಗಳೇ, ಮನುಷ್ಯನ ಭಯ ಹೋಗುವುದು ಯಾವಾಗ?" ಎಂದು ಶಿಷ್ಯ ಕೇಳಿದ. "ನಾಳೆಯಿಂದ ಯಾತ್ರಿಕರನ್ನು ಹಲಗೆದಾರಿ ದಾಟಿಸು ಎಂದಿದ್ದೀರಿ. ನನ್ನ ಭಯ ಹೋಗುವವರೆಗೆ ಬೇರೆ ಯಾರನ್ನಾದರೂ ಕಳುಹಿಸಿ."

ತಾವೋ ಪಂಥದ ಆ ಪವಿತ್ರ ಪರ್ವತದಲ್ಲಿ ಶಿಖರದ ಗುಡಿಗೆ ಇದ್ದುದು ಅದೊಂದೇ ದಾರಿ. ನೆಟ್ಟಗೆ ನಿಂತ ಬಂಡೆಯ ಮೈಗೆ ಗೂಟ ಹೊಡೆದು, ಅದರ ಮೇಲೆ ಹಲಗೆ ಹಾಸಿದ್ದರು. ಎದೆಯ ಎತ್ತರಕ್ಕೆ ಬಂಡೆಗೇ ಬಿಗಿದ ಒಂದು ಸರಪಳಿ. ಕೆಳಗೆ ಏನೂ ಇಲ್ಲ.

ಗುರು ಹೇಳಿದರು:

ಒಬ್ಬ ವ್ಯಾಪಾರಿಯ ಮಗಳಿಗೆ ಜ್ವರ ಬಂದಿತ್ತು. ಯಾವ ಔಷಧಕ್ಕೂ ಇಳಿಯಲಿಲ್ಲ. ಶಿಖರದ ಗುಡಿಯಲ್ಲಿ ಹಳದಿ ಕಾಗದದ ಮೇಲೆ ರಕ್ಷಾಮಂತ್ರ ಬರೆದುಕೊಡುತ್ತಾರೆ. ಅದನ್ನು ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ವ್ಯಾಪಾರಿ ಹೇಗೋ ಹತ್ತಿದ, ಮಂತ್ರ ಬರೆಸಿಕೊಂಡ, ಅಂಗಿಯೊಳಗೆ ಎದೆಗೆ ಒತ್ತಿಟ್ಟುಕೊಂಡು ಇಳಿಯತೊಡಗಿದ.

ಹಲಗೆದಾರಿಯ ನಡುವೆ ಒಬ್ಬ ಮುದುಕಿ ಎದುರಾದಳು. ಮೇಲೆ ಹೋಗುವವಳು. ಬಂಡೆಗೆ ಮುಖವಿಟ್ಟು, ಎರಡು ಕೈಯಲ್ಲೂ ಸರಪಳಿ ಹಿಡಿದು, ಅಲುಗಾಡದೆ ನಿಂತಿದ್ದಳು. ಮುಂದಕ್ಕೂ ಹೋಗಲಾರಳು, ಹಿಂದಕ್ಕೂ ಹೋಗಲಾರಳು.

ಆ ದಾರಿಗೊಂದು ಕಟ್ಟಳೆಯಿದೆ. ಇಬ್ಬರು ಎದುರಾದರೆ, ಹತ್ತುವವರಿಗೆ ಬಂಡೆಯ ಆಸರೆ ಬಿಟ್ಟುಕೊಡಬೇಕು. ಇಳಿಯುವವರು ಅವರ ಬೆನ್ನ ಹಿಂದಿನಿಂದ, ಪ್ರಪಾತದ ಬದಿಯಿಂದ ದಾಟಬೇಕು. ದೇವರನ್ನು ಕಂಡು ಬಂದವರು, ಇನ್ನೂ ಕಾಣದವರಿಗೆ ದಾರಿ ಕೊಡಬೇಕು ಎಂದು ಹಿರಿಯರು ಮಾಡಿದ್ದು.

ವ್ಯಾಪಾರಿ ಹಲಗೆಯ ಅಂಚು ನೋಡಿದ. ಹಿಂದಕ್ಕೆ ಸರಿದು ಬಂಡೆಗೆ ಒತ್ತಿ ನಿಂತ.

"ಅಮ್ಮಾ, ನೀನೇ ಸ್ವಲ್ಪ ಹೊರಗೆ ಸರಿ" ಎಂದ.

"ಕಟ್ಟಳೆ ಗೊತ್ತಿಲ್ಲವೇನಪ್ಪಾ ನಿನಗೆ?"

"ಗೊತ್ತು. ಆದರೆ ನನ್ನ ಎದೆಯ ಮೇಲೆ ಮಗಳ ಜೀವವಿದೆ. ನಾನು ಬಿದ್ದರೆ ಅವಳೂ ಹೋದಳು."

"ನನ್ನ ಸೊಸೆಗೂ ದಿನ ತುಂಬಿದೆ. ಹೋದ ಸಲದ ಕೂಸು ಉಳಿಯಲಿಲ್ಲ. ನಾನೇನು ಗಾಳಿ ಕುಡಿಯಲು ಬಂದೆನೇ?" ಮುದುಕಿ ತಲೆ ತಿರುಗಿಸದೆಯೇ ಹೇಳಿದಳು. "ದೇವರ ಮುಖ ನೋಡಿ ಬಂದ ಗಂಡಸು ನೀನು, ನಿನ್ನ ಹಲ್ಲು ಕಟಕಟ ಅನ್ನುವುದು ಇಲ್ಲಿಯವರೆಗೂ ಕೇಳುತ್ತಿದೆ. ಅಲ್ಲಿ ಸಿಕ್ಕಿದ್ದು ಇಷ್ಟೇ ಆದರೆ ನಾನು ಯಾವ ಸುಖಕ್ಕೆ ಹತ್ತಲಿ?"

ಕೆಳಗಿನಿಂದ ಮಂಜು ಏಳುತ್ತಿತ್ತು. ಇನ್ನು ಸ್ವಲ್ಪ ಹೊತ್ತಾದರೆ ಹಲಗೆ ಕಾಣುವುದಿಲ್ಲ. ಮುದುಕಿಯ ಭುಜಕ್ಕೆ ಕೈ ಹಾಕಿ ಎಳೆದರೆ ಸಾಕು, ಬಂಡೆಯ ಬದಿ ತನ್ನದಾಗುತ್ತದೆ ಎಂಬ ಯೋಚನೆ ಅವನಿಗೆ ಬಂದಿತು. ಕೈ ಅರ್ಧ ಎತ್ತಿಯೂ ಇದ್ದ. ಆಗ ಅವಳ ಬೆರಳುಗಳು ಕಂಡವು. ಸರಪಳಿ ಬಿಗಿಹಿಡಿದು ಉಗುರಿನ ಸುತ್ತ ರಕ್ತವಿಲ್ಲದೆ ಬೆಳ್ಳಗಾಗಿದ್ದವು.

ಅವನು ಎತ್ತಿದ ಕೈಯನ್ನು ಅವಳ ಆಚೆ ಬದಿಯ ಸರಪಳಿಗೆ ಹಾಕಿದ. ಒಂದು ಕಾಲನ್ನು ಹಲಗೆಯ ಅಂಚಿಗೆ ಇಟ್ಟ. ಅರ್ಧ ಪಾದ ಹಲಗೆಯ ಮೇಲೆ, ಅರ್ಧ ಗಾಳಿಯಲ್ಲಿ. ಅವಳ ಎರಡು ಪಕ್ಕದಲ್ಲೂ ಅವನ ತೋಳು, ಅವಳ ಬೆನ್ನಿಗೆ ಅವನ ಎದೆ, ಅವನ ಬೆನ್ನಿಗೆ ಪ್ರಪಾತ. ಹಲಗೆ ಕಿರುಗುಟ್ಟಿತು. ಅವನು ಕಣ್ಣು ಮುಚ್ಚಿಕೊಂಡ.

"ಹೆದರಬೇಡ ತಾಯೀ, ಹಿಂದೆ ನಾನಿದ್ದೇನೆ" ಎಂದ. ಆ ದನಿಯೂ ನಡುಗುತ್ತಿತ್ತು.

ಮುದುಕಿ ಒಂದು ಮುಷ್ಟಿ ಸಡಿಲಿಸಿದಳು. ಆಮೇಲೆ ಇನ್ನೊಂದು. ಅವನ ತೋಳಿನ ಕೆಳಗೆ ನುಸುಳಿ, ಸರಪಳಿಯನ್ನು ಮುಂದಕ್ಕೆ ಮುಂದಕ್ಕೆ ಹಿಡಿಯುತ್ತ, ಶಿಖರದ ಕಡೆ ಹೊರಟುಹೋದಳು. ವ್ಯಾಪಾರಿ ಇಳಿದು ಮನೆ ಸೇರಿದ. ಮಗಳಿಗೆ ಬೂದಿಯ ನೀರು ಕುಡಿಸಿದ. ಹುಡುಗಿ ಬದುಕಿಕೊಂಡಳು.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು.

"ತಿಳಿಯಿತು ಗುರುಗಳೇ. ಹೊರಬದಿಗೆ ಕಾಲಿಟ್ಟ ಗಳಿಗೆಯಲ್ಲಿ ವ್ಯಾಪಾರಿಯ ಭಯ ಹೋಯಿತು, ಅಲ್ಲವೇ?"

"ಇಲ್ಲ, ಮುದುಕಿಯ ಭಯ ಹೋಯಿತು" ಎಂದರು ಗುರು.