ಕೆಸರಿನಲ್ಲಿ ಕೂತ ದೋಣಿ

"ಗುರುಗಳೇ, ಒಮ್ಮೆ ಉಂಡ ಸುಖವನ್ನು ಅದೇ ಜಾಗಕ್ಕೆ ಹೋಗಿ ಮತ್ತೆ ಉಣ್ಣಬಹುದೇ?"

ಹೀಗೆ ಕೇಳಿದ ಶಿಷ್ಯ ಹಿಂದಿನ ದಿನವಷ್ಟೇ ತನ್ನ ಊರಿಗೆ ಹೋಗಿ ಬಂದಿದ್ದ. ಹೋಗುವಾಗ ಇದ್ದ ಮುಖ ಬರುವಾಗ ಇರಲಿಲ್ಲ. ಊರಿನಲ್ಲಿ ಎಲ್ಲವೂ ಇದ್ದ ಹಾಗೆಯೇ ಇತ್ತು, ತಾನು ಹುಡುಕಿಕೊಂಡು ಹೋದದ್ದು ಮಾತ್ರ ಅಲ್ಲಿರಲಿಲ್ಲ ಎಂದು ಜೊತೆಯವರಲ್ಲಿ ಹೇಳಿಕೊಂಡಿದ್ದ. ಗುರು ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಕಡಲತೀರದ ಊರೊಂದರಲ್ಲಿ ಒಬ್ಬ ಕಲಾಯಿಗಾರನಿದ್ದ. ತಾಮ್ರ ಹಿತ್ತಾಳೆಯ ಪಾತ್ರೆಗಳ ಒಳಮೈಗೆ ತವರದ ಹೊಳಪು ಕೊಡುವುದು ಅವನ ಕೆಲಸ. ನದಿ ಕಡಲಿಗೆ ಸೇರುವ ಅಳಿವೆಯ ಆಚೆಗೂ ಈಚೆಗೂ ಹಳ್ಳಿಗಳಿದ್ದವು. ತಿದಿ, ಇದ್ದಿಲು, ಇಕ್ಕಳ ಎಲ್ಲ ಗಂಟು ಕಟ್ಟಿಕೊಂಡು ದೋಣಿಯಲ್ಲಿ ದಾಟಿ ದಾಟಿ ಹೋಗುತ್ತಿದ್ದ. ತಾಯಿಯಿಲ್ಲದ ಮಗಳು ಅವನ ಬೆನ್ನಿಗೇ ಇರುತ್ತಿದ್ದಳು. ತಿದಿ ಒತ್ತಿ ಬೆಂಕಿಯನ್ನು ಉರಿಸುವುದು ಅವಳ ಪಾಲಿನ ಕೆಲಸ.

ಒಂದು ಚಳಿಗಾಲದ ಬೆಳಗ್ಗೆ ಅಪ್ಪ ಮಗಳು ದೋಣಿ ಹತ್ತಿದರು. ದೋಣಿಯವನು ಬಾಯಾಳಿ. ತನ್ನ ಅತ್ತೆಮನೆಯ ಜಗಳದ ಕತೆ ಹೇಳುತ್ತಾ ಹೇಳುತ್ತಾ ಇಳಿತದ ಹೊತ್ತನ್ನೇ ಮರೆತ. ಕಡಲು ತನ್ನ ನೀರನ್ನು ಎಳೆದುಕೊಂಡಿತು. ನಡು ಅಳಿವೆಯಲ್ಲಿದ್ದ ದೋಣಿ ನೋಡನೋಡುತ್ತಿದ್ದಂತೆ ಕೆಸರಿನ ಮೇಲೆ ಕೂತುಬಿಟ್ಟಿತು. ಆ ಕೆಸರಿಗೆ ಕಾಲಿಟ್ಟವರು ಸೊಂಟದವರೆಗೆ ಹೂತುಹೋಗುತ್ತಾರೆ. ಉಬ್ಬರ ಬಂದು ಎತ್ತುವವರೆಗೆ ಕಾಯುವುದು ಬಿಟ್ಟು ಬೇರೆ ದಾರಿಯಿಲ್ಲ.

ಹಾಗೆ ಕೂತಾಗ ಹಕ್ಕಿಗಳು ಬಂದವು. ಚಳಿ ತಾಳಲಾರದೆ ಎಲ್ಲೆಲ್ಲಿಂದಲೋ ಹಾರಿ ಬಂದ ಹಕ್ಕಿಗಳು. ನೀರು ಬಿಟ್ಟುಹೋದ ಕೆಸರಿನಲ್ಲಿ ಹುಳು ಹೆಕ್ಕಲು ಇಳಿದವು. ಅಲುಗುವ ದೋಣಿಯನ್ನು ಕಂಡರೆ ಹಾರಿಹೋಗುವ ಹಕ್ಕಿಗಳಿಗೆ ಅಲುಗದ ದೋಣಿ ಬರೀ ಮರದ ದಿಮ್ಮಿ. ಅವು ದೋಣಿಯ ಸುತ್ತಲೇ ಓಡಾಡಿದವು. ಒಂದು ಪುಟ್ಟ ಹಕ್ಕಿ ದೋಣಿಯ ಅಂಚಿನ ಮೇಲೆ ಕೂತು ಹುಡುಗಿಯನ್ನೇ ನೋಡಿತು. ಅವಳಿಗೆ ಹಸಿವೆ ಮರೆತುಹೋಯಿತು. ಸಂಜೆ ನೀರು ಬಂದು ದೋಣಿ ತೇಲಿದಾಗ ಅವಳು ಅತ್ತಳು.

ಕಾಲ ಸರಿಯಿತು. ಹುಡುಗಿ ಬೆಳೆದಳು, ಘಟ್ಟದ ಮೇಲಿನ ಪೇಟೆಗೆ ಸೊಸೆಯಾಗಿ ಹೋದಳು. ಅಪ್ಪನ ಕೈ ನಡುಗತೊಡಗಿದ ಮೇಲೆ ಅವನನ್ನೂ ತನ್ನ ಮನೆಗೇ ಕರೆಸಿಕೊಂಡಳು. ಪೇಟೆಯಲ್ಲಿ ಅವಳಿಗೆ ಯಾವ ಕೊರತೆಯೂ ಇರಲಿಲ್ಲ. ಆದರೆ ಪುಷ್ಯ ಮಾಸದ ಮಂಜು ಅಂಗಳಕ್ಕೆ ಇಳಿದಾಗಲೆಲ್ಲ ಅವಳ ಮೂಗಿಗೆ ಉಪ್ಪುಕೆಸರಿನ ವಾಸನೆ ಬರುತ್ತಿತ್ತು. ಮಕ್ಕಳನ್ನು ಮಲಗಿಸುವಾಗ ಆ ದಿನದ ಕತೆಯನ್ನೇ ಹೇಳುತ್ತಿದ್ದಳು. ಹೇಳಿ ಹೇಳಿ ಹಕ್ಕಿಗಳ ಕಾಲಿನ ಬಣ್ಣ ಕೂಡ ಮಕ್ಕಳಿಗೆ ಬಾಯಿಪಾಠವಾಗಿತ್ತು. ಮುದುಕ ಮೂಲೆಯಲ್ಲಿ ಕೂತು ಕೇಳುತ್ತಿದ್ದ. ಅಲ್ಲವೇನಪ್ಪ ಎಂದು ಅವಳು ಕೇಳಿದರೆ ಹೂಂ ಎನ್ನುತ್ತಿದ್ದ. ಆ ದಿನ ತನ್ನದು ಹೇಗೋ ಹಾಗೆ ಅಪ್ಪನದೂ ಹೌದು ಎಂದು ಅವಳು ನಂಬಿದ್ದಳು.

ಒಂದು ವರ್ಷ ಮುದುಕ ಹೊಸ್ತಿಲು ಎಡವಿದ. ಇನ್ನೊಮ್ಮೆ ಮೊಮ್ಮಗಳನ್ನು ಮೊಮ್ಮಗನೆಂದು ಕರೆದ. ವೈದ್ಯ ಕಣ್ಣು ನೋಡಿ, ಇದ್ದಿಲಿನ ಕಾವು, ಕಲಾಯಿಗೆ ಹಾಕುವ ನವಸಾಗರದ ಹೊಗೆ ಎಲ್ಲ ಸೇರಿ ಕಣ್ಣು ಒಣಗಿದೆ, ಬರುವ ಚಳಿಗಾಲದ ಹೊತ್ತಿಗೆ ಹಗಲೋ ರಾತ್ರಿಯೋ ಎಂಬುದಷ್ಟೇ ತಿಳಿದೀತು ಎಂದ. ಮಗಳು ಅಪ್ಪನ ಕೈ ಹಿಡಿದು ಹೊರಗೆ ಕರೆತಂದಳು. ಕಣ್ಣು ಪೂರಾ ಹೋಗುವ ಮೊದಲು ಅಪ್ಪನಿಗೆ ಆ ಹಕ್ಕಿಗಳನ್ನು ಇನ್ನೊಮ್ಮೆ ತೋರಿಸಲೇಬೇಕು ಎಂದು ಅವಳಿಗೆ ಆಗಲೇ ಹೊಳೆದದ್ದು. ಬೇರೆ ಏನು ಕೊಟ್ಟರೂ ಅವನಿಗೆ ಸಾಲದು ಎನ್ನಿಸಿತು.

ಆ ವರ್ಷದ ಚಳಿ ಇನ್ನೂ ಮುಗಿದಿರಲಿಲ್ಲ. ಅಪ್ಪನನ್ನು ಕರೆದುಕೊಂಡು ಘಟ್ಟ ಇಳಿದಳು. ಅಳಿವೆಯ ದಂಡೆಯಲ್ಲಿ ವಿಚಾರಿಸಿ, ಎಲ್ಲರಿಗಿಂತ ಒಳ್ಳೆಯ ದೋಣಿಯವನು ಯಾರೆಂದು ಕೇಳಿ, ಅವನನ್ನೇ ಗೊತ್ತುಮಾಡಿದಳು. ಗಟ್ಟಿಮುಟ್ಟಾದ ಆಳು. ತನ್ನ ದೋಣಿಯ ತಳ ಇದುವರೆಗೆ ಕೆಸರು ಮುಟ್ಟಿದ್ದಿಲ್ಲ ಎಂದು ಕೇಳದೆಯೇ ಹೇಳಿದ.

ಬೆಳಗ್ಗೆ ತುಂಬಿದ ನೀರಿನಲ್ಲಿ ದೋಣಿ ಹೊರಟಿತು. ದೋಣಿಯವನು ಒಂದೊಂದೇ ಕಾಲುವೆ ಸುತ್ತಿಸಿದ. ಉಪ್ಪುನೀರಿನಲ್ಲಿ ಬೇರೂರಿದ ಕಾಂಡ್ಲಾ ಗಿಡಗಳ ಮರೆಯಲ್ಲಿ, ದೂರದ ದಿಬ್ಬಗಳಲ್ಲಿ ಹಕ್ಕಿಗಳಿದ್ದವು. ಹುಟ್ಟು ಹಾಕುವ ಸದ್ದು ಹತ್ತಿರವಾಗುವಷ್ಟರಲ್ಲಿ ಒಟ್ಟಿಗೇ ಎದ್ದು ಇನ್ನೂ ದೂರ ಹೋಗುತ್ತಿದ್ದವು. ಮಗಳು ಪ್ರತಿ ಸಲವೂ ಕೈಚಾಚಿ, ಅಪ್ಪ, ಅಗೋ ಅಲ್ಲಿ, ಎನ್ನುತ್ತಿದ್ದಳು. ಮುದುಕ ಪ್ರತಿ ಸಲವೂ ಕಂಡಿತು ಎನ್ನುತ್ತಿದ್ದ. ಒಮ್ಮೆ ಅವಳು ತಿರುಗಿ ನೋಡಿದಳು. ಹಕ್ಕಿಗಳು ಎಡಕ್ಕಿದ್ದವು. ಅಪ್ಪ ಬಲಕ್ಕೆ ಮುಖ ಮಾಡಿ, ಕಂಡಿತು ಕಂಡಿತು, ಎಷ್ಟು ಚೆಂದ ಎಂದು ತಲೆಯಾಡಿಸುತ್ತಿದ್ದ.

ಅವಳು ಕೈ ಕೆಳಗಿಳಿಸಿದಳು. ಮತ್ತೆ ತೋರಿಸಲಿಲ್ಲ.

ಆಮೇಲೆ ದೋಣಿಯವನಿಗೆ ಹೇಳಿದಳು: "ತಮ್ಮ, ನೀರು ಇಳಿಯುತ್ತಿದೆ. ದೋಣಿಯನ್ನು ಇಲ್ಲೇ ಬಿಡು. ಕೆಸರಿನಲ್ಲಿ ಕೂರಲಿ."

ದೋಣಿಯವನಿಗೆ ತನ್ನ ಕಿವಿಯ ಮೇಲೇ ನಂಬಿಕೆ ಬರಲಿಲ್ಲ. "ಅಕ್ಕಾ, ನಮ್ಮಲ್ಲಿ ದೋಣಿ ಹೂತವನನ್ನು ವರ್ಷವಿಡೀ ಎಮ್ಮೆ ಎಂದೇ ಕರೆಯೋದು. ನನ್ನ ಮಾವ ಸತ್ತು ಹನ್ನೊಂದು ವರ್ಷ ಆಯ್ತು, ಈಗಲೂ ಎಮ್ಮೆ ಮಾವ ಅಂತಲೇ ಹೆಸರು. ನನಗೆ ಮದುವೆಯ ಮಾತು ನಡೀತಾ ಇದೆ. ಹೆಣ್ಣಿನ ಕಡೆಯವರು ಕೇಳಿದರೆ ಏನು ಹೇಳಲಿ?"

ನಾನೇ ಹಟ ಹಿಡಿದೆ, ಅದಕ್ಕೇ ಹೀಗಾಯಿತು ಎಂದು ದಡದಲ್ಲಿ ಎಲ್ಲರ ಮುಂದೆ ಹೇಳುತ್ತೇನೆ ಎಂದು ಅವಳು ಮಾತು ಕೊಟ್ಟಳು. ಅಷ್ಟು ಸಾಲದು, ಪೇಟೆಯ ಹೆಂಗಸಿಗೆ ತಲೆ ಸರಿಯಿಲ್ಲ ಎಂದು ತಾನೂ ಒಂದು ಮಾತು ಸೇರಿಸುತ್ತೇನೆ ಎಂದ ಅವನು. ಸೇರಿಸು ಎಂದಳು. ಅವನು ಹುಟ್ಟನ್ನು ಒಳಗೆಳೆದು, ದಂಡೆಯವರು ಯಾರಾದರೂ ನೋಡಿಯಾರು ಎಂದು ತಲೆಗೆ ಟವೆಲು ಮುಸುಕು ಹಾಕಿಕೊಂಡು ಕುಕ್ಕರಗಾಲಿನಲ್ಲಿ ಕೂತ.

ನೀರು ಸರಿಯಿತು. ದೋಣಿ ಒಮ್ಮೆ ಮಗ್ಗುಲಾಗಿ, ಮತ್ತೆ ನೆಟ್ಟಗಾಗಿ, ಕೆಸರಿನ ಮೇಲೆ ಕೂತಿತು. ಬಹಳ ಹೊತ್ತು ಏನೂ ಬರಲಿಲ್ಲ. ಮುಸುಕಿನೊಳಗಿಂದ ದೋಣಿಯವನು ಎರಡು ಸಲ ನಿಟ್ಟುಸಿರು ಬಿಟ್ಟ. ಮೊದಲು ಒಂದು ಬಂತು. ಆಮೇಲೆ ನಾಲ್ಕಾರು. ಆಮೇಲೆ ಕೆಸರೇ ಎದ್ದು ನಡೆಯತೊಡಗಿದ ಹಾಗೆ ಸುತ್ತಲೂ ಹಕ್ಕಿ.

ಮುದುಕ ಮೊದಲು ಸದ್ದು ಕೇಳಿ ಕತ್ತು ಹೊರಳಿಸಿದ. ಕಣ್ಣು ಕಿರಿದು ಮಾಡಿದ. ಅಂಚಿನ ಮೇಲೆ ಅಂಗೈ ಊರಿ ಹೊರಕ್ಕೆ ಬಾಗಿದ. ಕೈಗೆ ಸಿಗುವಷ್ಟು ಹತ್ತಿರದಲ್ಲಿ, ಬಾಗಿದ ಉದ್ದ ಕೊಕ್ಕಿನ ದೊಡ್ಡ ಹಕ್ಕಿಯೊಂದು ಏಡಿಯನ್ನು ಕೆಸರಿನಿಂದ ಎಳೆಯುತ್ತಿತ್ತು. ಮುದುಕನ ಬಾಯಿ ಮೆಲ್ಲಗೆ ತೆರೆಯಿತು.

"ಇದರ ಕೊಕ್ಕು ನನ್ನ ಹಳೆಯ ಇಕ್ಕಳದ ಹಾಗಿದೆ, ಮಗಳೇ. ಹಿಡಿಯೋದೂ ಹಾಗೆಯೇ."

ಕಂಡಿತು ಎಂದು ಅವನು ಈ ಸಲ ಹೇಳಲಿಲ್ಲ. ಅದರಿಂದಲೇ ನಿಜವಾಗಿ ಕಂಡಿದೆ ಎಂದು ಅವಳಿಗೆ ತಿಳಿಯಿತು.

ಆಮೇಲೆ ಅವನನ್ನು ಹಿಡಿಯುವವರಿಲ್ಲ. ಈ ಕಡೆ ಬಾಗಿದ, ಆ ಕಡೆ ಬಾಗಿದ. ತನ್ನ ವಯಸ್ಸು ಮರೆತ. ಮಗಳು ಅವನ ಹೊದಿಕೆಯ ತುದಿಯನ್ನು ಮುಷ್ಟಿಯಲ್ಲಿ ಸುತ್ತಿಕೊಂಡಳು. ಬಿಸಿಲು ಅವನ ಕಣ್ಣಿಗೆ ಹೊಡೆದರೆ ಸೆರಗು ಅಡ್ಡ ಹಿಡಿದಳು. ಬಿಸಿಲಿನ ಜೊತೆಗೆ ತಾನೂ ಜರುಗಿದಳು. ಅವಲಕ್ಕಿಯ ಗಂಟು ಬಿಚ್ಚಿ ಅವನ ಕೈಗಿಟ್ಟಳು, ಅವನು ತಿನ್ನಲು ಮರೆತಾಗ ನೆನಪಿಸಿದಳು. ಹೊತ್ತು ಹೋದದ್ದು ಗೊತ್ತಾಗಲಿಲ್ಲ.

ಬಿಸಿಲು ಇಳಿಮುಖವಾದಾಗ ಅವಳು ಕೇಳಿದಳು: "ಅಪ್ಪ, ಅವತ್ತೂ ಹೀಗೇ ಇತ್ತು, ಅಲ್ಲವಾ?"

ಮುದುಕ ಹಕ್ಕಿಗಳಿಂದ ಕಣ್ಣು ತೆಗೆಯಲಿಲ್ಲ.

"ಅವತ್ತು ನಾನೆಲ್ಲಿ ಹಕ್ಕಿ ನೋಡಿದೆ? ನೀನು ಅಂಚಿಗೆ ಬಗ್ಗಿ ಬಗ್ಗಿ ನೋಡುತ್ತಿದ್ದೆ. ಬಿದ್ದರೆ ಆ ಕೆಸರು ಮಗುವನ್ನು ಬಿಡುತ್ತದಾ? ಹೊತ್ತು ಮುಳುಗುವವರೆಗೂ ನಿನ್ನ ಲಂಗ ಹಿಡಿದುಕೊಂಡು ಕೂತಿದ್ದೆ. ಆ ಹಾಳು ದೋಣಿಯವನನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ."

ಇಷ್ಟು ವರ್ಷ ಹೂಂ ಎಂದದ್ದೇಕೆ ಎಂದು ಅವಳು ಕೇಳಿದಳು. ನೀನು ಅಷ್ಟು ಚೆನ್ನಾಗಿ ಹೇಳುತ್ತಿದ್ದೆ, ಕೇಳುತ್ತಾ ಕೇಳುತ್ತಾ ನಾನೂ ಕಂಡೆನೇನೋ ಅನ್ನಿಸುತ್ತಿತ್ತು ಎಂದ ಮುದುಕ.

ಅವಳು ಹೊದಿಕೆಯ ತುದಿಯನ್ನು ಇನ್ನೊಂದು ಸುತ್ತು ಸುತ್ತಿಕೊಂಡಳು.

ಉಬ್ಬರ ಬಂತು. ಕೆಸರು ಮುಚ್ಚಿತು, ಹಕ್ಕಿಗಳು ಎದ್ದವು, ದೋಣಿ ತೇಲಿತು. ದಂಡೆಯಲ್ಲಿ ದೋಣಿಯವನ ಗೆಳೆಯರು ಸಾಲಾಗಿ ನಿಂತು, ಬಾ ಎಮ್ಮೆ, ಹುಲ್ಲು ತಂದಿದ್ದೇವೆ ಎಂದರು. ಅವಳು ಕೊಟ್ಟ ಮಾತಿನಂತೆ ತಪ್ಪೆಲ್ಲ ತನ್ನದೆಂದಳು. ಯಾರೂ ನಂಬಲಿಲ್ಲ. ಪೇಟೆಯ ಹೆಂಗಸಿಗೆ ತಲೆ ಸರಿಯಿಲ್ಲ ಎಂಬ ಮಾತನ್ನು ದೋಣಿಯವನು ಯಾಕೋ ಸೇರಿಸಲಿಲ್ಲ.

ಮನೆಗೆ ಬಂದ ರಾತ್ರಿ ಮಕ್ಕಳು ಅವಳನ್ನು ಸುತ್ತುಗಟ್ಟಿದರು. ಎಂತೆಂಥ ಹಕ್ಕಿ ಬಂದವು, ಕಾಲು ಯಾವ ಬಣ್ಣ, ಈ ಸಲವೂ ಅಂಚಿನ ಮೇಲೆ ಕೂತಿತಾ ಎಂದು ಪೀಡಿಸಿದರು. ಅವಳು ಹೇಳಲು ಬಾಯಿ ತೆರೆದಳು. ಒಂದೂ ನೆನಪಿಗೆ ಬರಲಿಲ್ಲ. ಇಡೀ ದಿನ ಹಕ್ಕಿಗಳ ನಡುವೆ ಕೂತು ಬಂದವಳಿಗೆ ಒಂದು ರೆಕ್ಕೆಯ ಬಣ್ಣವೂ ಗೊತ್ತಿರಲಿಲ್ಲ. ಅವಳ ಕಣ್ಣಿನಲ್ಲಿ ಉಳಿದದ್ದು ಅಪ್ಪನ ತೆರೆದ ಬಾಯಿ, ಬಾಗಿದ ಬೆನ್ನು ಮಾತ್ರ. ಆಗ ಮೂಲೆಯಿಂದ ಮುದುಕ, ಇಲ್ಲಿ ಬನ್ನಿ ಮಕ್ಕಳೇ, ನಾನು ಹೇಳುತ್ತೇನೆ ಎಂದ. ಅವನು ಹೇಳಿದ. ಅವಳು ಮಕ್ಕಳ ಹಿಂದೆ ಕೂತು ಕೇಳಿದಳು.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಮುಖದಲ್ಲಿ ಬೇಸರ ಇನ್ನೂ ಇತ್ತು.

"ಪಾಪ, ಗುರುಗಳೇ. ಅಷ್ಟು ಕಷ್ಟಪಟ್ಟು ಹೋದರೂ ಅವಳಿಗೆ ಆ ದಿನ ಮತ್ತೆ ಸಿಗಲೇ ಇಲ್ಲ."

"ಸಿಕ್ಕಿತಪ್ಪ," ಎಂದರು ಗುರು, "ಅವತ್ತು ಮಗಳ ಪಾಲಿನದು ಸಿಕ್ಕಿತ್ತು, ಈ ಸಲ ಅಪ್ಪನ ಪಾಲಿನದು ಸಿಕ್ಕಿತು."